ಮಗ್ಗದ ಊರಿಗೂ ಎಂ.ಡೆಸ್. ಪದವಿಗೂ ನಡುವೆ

ರಾಮದುರ್ಗ ತಾಲ್ಲೂಕಿನ ಕಟಕೋಳದಲ್ಲಿ ಎಂ.ಡೆಸ್. ಎಂಬ ವಿನ್ಯಾಸದ ಸ್ನಾತಕೋತ್ತರ ಪದವಿಯ ಹೆಸರು ಕೇಳಿದವರು ಕಡಿಮೆ ಇರಬಹುದು. ಆದರೆ ಆ ಊರಿನಲ್ಲಿ ಮತ ಹಾಕಿದ ಪ್ರತಿಯೊಬ್ಬರೂ ಆ ಪದವಿ ಕಲಿಸುವ ಸಂಸ್ಥೆಯೊಂದರ ಕೆಲಸವನ್ನು ಬೆರಳಿನಿಂದ ಮುಟ್ಟಿದ್ದಾರೆ. ಮತಯಂತ್ರದ ಬ್ಯಾಲೆಟ್ ಯೂನಿಟ್ಟಿನಲ್ಲಿ 16 ಸಾಲುಗಳು. ಪ್ರತಿ ಸಾಲಿನಲ್ಲಿ ಅಭ್ಯರ್ಥಿಯ ಹೆಸರು, ಚಿಹ್ನೆ, ಪಕ್ಕದಲ್ಲೊಂದು ನೀಲಿ ಗುಂಡಿ. ಗುಂಡಿ ಒತ್ತಿದರೆ ಆ ಸಾಲಿಗೆ ಕೆಂಪು ದೀಪ ಹತ್ತುತ್ತದೆ, ಬೀಪ್ ಸದ್ದಾಗುತ್ತದೆ. ಅಕ್ಷರ ಬಾರದ ಅಜ್ಜಿಗೂ ಯಾರ ಸಹಾಯವೂ ಬೇಕಾಗುವುದಿಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಈ ಯಂತ್ರಕ್ಕೆ ಇಂಥ ರೂಪ ಕೊಟ್ಟವರು ಮುಂಬಯಿ ಐಐಟಿಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್‌ನ (ಐಡಿಸಿ) ಅಧ್ಯಾಪಕರಾದ ಎ.ಜಿ. ರಾವ್ ಮತ್ತು ರವಿ ಪೂವಯ್ಯ. 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕ್ಷೇತ್ರಗಳಲ್ಲೂ ಮತಯಂತ್ರವೇ ಬಳಕೆಯಾಯಿತು. ಒಳಗಿನ ವಿದ್ಯುನ್ಮಾನ ಎಂಜಿನಿಯರುಗಳದ್ದು. ಜನ ಹೆದರದೆ ಗುಂಡಿ ಒತ್ತುವ ಹಾಗೆ ಮಾಡಿದ್ದು ವಿನ್ಯಾಸಕಾರರ ಕೆಲಸ.

ವಿನ್ಯಾಸದ ಈ ವಿದ್ಯೆ ಭಾರತಕ್ಕೆ ಬಂದ ಕ್ರಮ ವಿಶಿಷ್ಟವಾದದ್ದು. ವೈದ್ಯಕೀಯ, ಎಂಜಿನಿಯರಿಂಗ್, ಕೃಷಿ ವಿಜ್ಞಾನ, ಎಲ್ಲದರಲ್ಲೂ ಮೊದಲು ಪದವಿ ತರಗತಿ ಬಂತು, ಸ್ನಾತಕೋತ್ತರ ತರಗತಿ ಆಮೇಲೆ ಬಂತು. ವಿನ್ಯಾಸದಲ್ಲಿ ತಿರುವುಮುರುವು ಆಯಿತು. ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರದ ಆಹ್ವಾನದ ಮೇರೆಗೆ ದೇಶ ಸುತ್ತಿ 1958ರ ಏಪ್ರಿಲ್‌ನಲ್ಲಿ ವರದಿ ಕೊಟ್ಟರು. ಹಿತ್ತಾಳೆ ತಂಬಿಗೆಯನ್ನು ಅವರು ಆ ವರದಿಯಲ್ಲಿ ಕೊಂಡಾಡಿದ ರೀತಿ ಇಂದಿಗೂ ವಿನ್ಯಾಸದ ತರಗತಿಗಳಲ್ಲಿ ಚರ್ಚೆಯಾಗುತ್ತದೆ. ಸೊಂಟದ ಮೇಲೆ ಹೇಗೆ ಕೂರುತ್ತದೆ, ತುಂಬಿದಾಗ ಭಾರ ಎಲ್ಲಿ ಬೀಳುತ್ತದೆ, ನೀರು ಹೇಗೆ ಸುರಿಯುತ್ತದೆ, ಮಾರಿದರೆ ಲೋಹಕ್ಕೆಷ್ಟು ಬೆಲೆ ಎಂಬ ಪ್ರಶ್ನೆಗಳ ಸರಮಾಲೆಯನ್ನೇ ಅವರು ಒಂದು ಪಾತ್ರೆಯ ಸುತ್ತ ಹೆಣೆದಿದ್ದರು. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) ಹುಟ್ಟಿತು. ಗೌತಮ್ ಸಾರಾಭಾಯಿ, ಗೀರಾ ಸಾರಾಭಾಯಿ ಅದನ್ನು ಕಟ್ಟಿ ಬೆಳೆಸಿದರು. ಅಲ್ಲಿ ಮೊದಲು ಶುರುವಾದದ್ದು ಸ್ನಾತಕೋತ್ತರ ಮಟ್ಟದ ತರಬೇತಿ. ಪಿಯುಸಿ ಮುಗಿಸಿದ ಮಕ್ಕಳಿಗೆ ಬಾಗಿಲು ತೆರೆದದ್ದು 1970ರಲ್ಲಿ. 1969ರಲ್ಲಿ ಆರಂಭವಾದ ಮುಂಬಯಿಯ ಐಡಿಸಿಯಲ್ಲಂತೂ ಪದವಿ ತರಗತಿ ಬರಲು 2015ರ ತನಕ ಕಾಯಬೇಕಾಯಿತು.

ಹೀಗಾಗಲು ಕಾರಣವಿತ್ತು. ಕಲಿಸುವವರೇ ಇಲ್ಲದ ವಿದ್ಯೆಯಾದ್ದರಿಂದ ಮೊದಲು ಅಧ್ಯಾಪಕರನ್ನು ತಯಾರು ಮಾಡಬೇಕಿತ್ತು. ಹೊಸ ಕಾರ್ಖಾನೆಗಳಿಗೆ ಬೇಕಾಗಿದ್ದವರು ಯಂತ್ರ ಬಲ್ಲವರು. ಹಾಗಾಗಿ ಇಂಡಸ್ಟ್ರಿಯಲ್ ಡಿಸೈನ್ ಎಂಬ ಮೊದಲ ಕವಲಿನ ತರಗತಿಯಲ್ಲಿ ಕುಳಿತವರು ಎಂಜಿನಿಯರಿಂಗ್ ಅಥವಾ ವಾಸ್ತುಶಿಲ್ಪದ ಪದವಿ ಪಡೆದವರು. ಈ ಒಂದು ತೀರ್ಮಾನದ ಪರಿಣಾಮ ಬೆಳಗಾವಿ, ಧಾರವಾಡದಂಥ ಜಿಲ್ಲೆಗಳ ಮೇಲೆ ಎಷ್ಟು ಆಳವಾಗಿ ಆಯಿತೆಂಬುದನ್ನು ವಿನ್ಯಾಸ ಶಿಕ್ಷಣದ ಇತಿಹಾಸ ಬರೆದವರು ಸಾಕಷ್ಟು ಗಮನಿಸಿಲ್ಲ.

ಏಕೆಂದರೆ ಈ ಭಾಗದಲ್ಲಿ ಚಿತ್ರವಿದ್ಯೆಯ ಗಟ್ಟಿ ಪರಂಪರೆಯೊಂದು ಆಗಲೇ ಇತ್ತು. ಮುಂಬಯಿ ಪ್ರಾಂತ್ಯದ ಶಾಲೆಗಳಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯಟ್ ಎಂಬ ಡ್ರಾಯಿಂಗ್ ಪರೀಕ್ಷೆಗಳು ನಡೆಯುತ್ತಿದ್ದವು. ವಸ್ತುಚಿತ್ರ, ನೆನಪಿನ ಚಿತ್ರಗಳ ಜೊತೆಗೆ ಅವುಗಳಲ್ಲಿ ಡಿಸೈನ್‌ಗೇ ಮೀಸಲಾದ ಪತ್ರಿಕೆಯೂ ಇತ್ತು. ವೃತ್ತದೊಳಗೆ, ಚೌಕದೊಳಗೆ ಹೂ-ಬಳ್ಳಿ ಹೊಂದಿಸಿ ಬಣ್ಣ ತುಂಬಿದ ಹಳ್ಳಿಯ ಹುಡುಗರು ಈ ವಿಷಯಕ್ಕೆ ಎನ್‌ಐಡಿಗಿಂತ ಎಷ್ಟೋ ಮೊದಲೇ ಪರಿಚಿತರಾಗಿದ್ದರು. ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರ ಚಿತ್ರಮಂದಿರ, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರ ಕಲಾಶಾಲೆ, ಗದಗಿನಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರ, ಮೂರೂ ಸರ್ಕಾರದ ದೊಡ್ಡ ಯೋಜನೆಗಳಿಂದ ಹುಟ್ಟಿದವಲ್ಲ. ಒಬ್ಬೊಬ್ಬ ಗುರುವಿನ ಹಟದಿಂದ ಬೆಳೆದವು. ಕುಲಕರ್ಣಿಯವರ ಬಳಿ ಕಲಿತ ಬೆಳಗಾವಿಯ ರವಿ ಪರಾಂಜಪೆ ಮುಂದೆ ದೇಶದ ಹೆಸರಾಂತ ರೇಖಾಚಿತ್ರಕಾರರಾದರು. ಇಂಥ ಶಾಲೆಗಳಲ್ಲಿ ಕಲಿತವರಲ್ಲಿ ಎಷ್ಟೋ ಮಂದಿಯ ದಾರಿ ಡ್ರಾಯಿಂಗ್ ಮಾಸ್ತರಿಕೆಯಲ್ಲಿ, ಇಲ್ಲವೇ ಮುಂಬಯಿಯ ಜಾಹೀರಾತು ಕಚೇರಿಯಲ್ಲಿ ನಿಂತಿತು. ಕೈ ಪಳಗಿದ್ದರೂ ಎಂಜಿನಿಯರಿಂಗ್ ಪದವಿ ಇರಲಿಲ್ಲವಾದ್ದರಿಂದ ಐಡಿಸಿಯ ಮೊದಲ ಕವಲು ಅವರಿಗೆ ಎಟುಕಲಿಲ್ಲ. ಇದರ ವಿಪರ್ಯಾಸವೆಂದರೆ, ಐಡಿಸಿಗೆ ಬುನಾದಿ ಹಾಕಿದ ಸುಧಾಕರ ನಾಡಕರ್ಣಿ ಸ್ವತಃ ಮುಂಬಯಿಯ ಜೆ.ಜೆ. ಕಲಾಶಾಲೆಯಿಂದ ಜರ್ಮನಿಯ ಉಲ್ಮ್ ವಿನ್ಯಾಸ ಶಾಲೆಗೆ ಹೋಗಿ ಕಲಿತು ಬಂದವರು.

ಕಲಾವಿದರಿಗೆ ಐಡಿಸಿಯಲ್ಲಿ ಜಾಗ ಸಿಕ್ಕಿದ್ದು ವಿಶುವಲ್ ಕಮ್ಯುನಿಕೇಶನ್ ಎಂಬ ಎರಡನೆಯ ಕವಲು 1984ರಲ್ಲಿ ಒಡೆದಾಗ. ಕನ್ನಡಿಗರಿಗೆ ಈ ಕವಲಿನ ಋಣ ದೊಡ್ಡದು. ಅಲ್ಲಿ ಕಲಿಸುತ್ತಿದ್ದ ಅಕ್ಷರಶಿಲ್ಪಿ ಆರ್.ಕೆ. ಜೋಶಿ ಭಾರತೀಯ ಲಿಪಿಗಳ ಸೂಕ್ಷ್ಮಗಳನ್ನು ಜೀವಮಾನವಿಡೀ ಹಿಂಬಾಲಿಸಿದವರು. ವಿಂಡೋಸ್ ಎಕ್ಸ್‌ಪಿ ಬಂದಾಗ ಕಂಪ್ಯೂಟರಿನ ಪರದೆಯ ಮೇಲೆ ಕನ್ನಡವನ್ನು ತೋರಿಸಿದ ‘ತುಂಗಾ’ ಅಕ್ಷರಗಳು ಅವರ ನಿರ್ದೇಶನದಲ್ಲಿ ರೂಪುಗೊಂಡವು. ಅದೇ ಸಂಸ್ಥೆಯ ಅಧ್ಯಾಪಕ ಗಿರೀಶ ದಳವಿ ಸಹಸ್ಥಾಪಕರಾಗಿರುವ ‘ಏಕ್ ಟೈಪ್’ ಬಳಗದ ‘ಅನೇಕ್ ಕನ್ನಡ’ ಇಂದು ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಅಕ್ಷರಕುಟುಂಬ. 2010ರ ಜುಲೈಯಲ್ಲಿ ಕೇಂದ್ರ ಸರ್ಕಾರ ಒಪ್ಪಿಕೊಂಡ ರೂಪಾಯಿ ಚಿಹ್ನೆಯ ಕರ್ತೃ ಡಿ. ಉದಯಕುಮಾರ್ ಕೂಡ ಈ ಸಂಸ್ಥೆಯಲ್ಲೇ ಸಂಶೋಧನೆ ಮಾಡಿದವರು.

ಆಮೇಲೆ ಕವಲುಗಳು ಬೇಗಬೇಗ ಒಡೆದವು. ಆನಿಮೇಶನ್, ಇಂಟರ‍್ಯಾಕ್ಷನ್ ಡಿಸೈನ್, ವಾಹನ ವಿನ್ಯಾಸ ಐಡಿಸಿಗೆ ಬಂದವು. ಎನ್‌ಐಡಿ ತನ್ನ ವಿಭಾಗಗಳನ್ನು ಊರಿಂದೂರಿಗೆ ಹಂಚಿತು. ಜವಳಿ, ಪಿಂಗಾಣಿ-ಗಾಜು, ಪೀಠೋಪಕರಣ, ಗ್ರಾಫಿಕ್, ಚಲನಚಿತ್ರ ಇಂಥವು ಅಹಮದಾಬಾದಿನಲ್ಲಿ ಉಳಿದವು. ಉಡುಪು, ಆಟಿಕೆ, ವಾಹನ, ಛಾಯಾಗ್ರಹಣ ಗಾಂಧಿನಗರಕ್ಕೆ ಹೋದವು. 2006ರಲ್ಲಿ ಬೆಂಗಳೂರಿನ ತುಮಕೂರು ರಸ್ತೆಗೆ ಹೊಂದಿದ ಎಚ್‌ಎಂಟಿ ಲಿಂಕ್ ರಸ್ತೆಯಲ್ಲಿ ತೆರೆದ ಕೇಂದ್ರದ ಪಾಲಿಗೆ ಇಂಟರ‍್ಯಾಕ್ಷನ್, ಮಾಹಿತಿ ವಿನ್ಯಾಸ, ಡಿಜಿಟಲ್ ಆಟ, ಮಳಿಗೆ ವಿನ್ಯಾಸ, ಸರ್ವರಿಗೂ ಅನುಕೂಲಿಸುವ ಯುನಿವರ್ಸಲ್ ಡಿಸೈನ್ ಬಂದವು. ಪಟ್ಟಿ ನೋಡಿದರೇ ಬೆಂಗಳೂರಿನ ಗುರುತು ಹತ್ತುತ್ತದೆ. ಕೈಗಡಿಯಾರ ಮಾಡುತ್ತಿದ್ದ ಕಾರ್ಖಾನೆಯ ಹೆಸರು ಹೊತ್ತ ರಸ್ತೆಯಲ್ಲಿ ಪರದೆಯ ವಿನ್ಯಾಸ ಕಲಿಸುವ ತರಗತಿಗಳು ನಡೆಯತೊಡಗಿದವು. ಉದ್ಯೋಗ ಎಲ್ಲಿ ಹುಟ್ಟುತ್ತದೋ ವಿಶೇಷ ವಿಭಾಗವೂ ಅಲ್ಲಿಯೇ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಬೆಂಗಳೂರಿನಲ್ಲೇ ಬೇರೆ ಬಗೆಯ ಮನೆತನಗಳೂ ಇವೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಡೆಸ್. ಎಂಜಿನಿಯರಿಂಗ್ ಒಡಲಿನಿಂದ ಬಂದದ್ದು. ಉತ್ಪನ್ನ ವಿನ್ಯಾಸ ಮತ್ತು ತಯಾರಿಕೆ ಅಲ್ಲಿ ಒಂದೇ ವಿಭಾಗದಲ್ಲಿವೆ. 1996ರಲ್ಲಿ ಗೀತಾ ನಾರಾಯಣನ್ ಯಲಹಂಕದಲ್ಲಿ ಆರಂಭಿಸಿದ ‘ಸೃಷ್ಟಿ’ ಸಂಸ್ಥೆ ಕಲೆಯ ಕಡೆಯಿಂದ ಬಂದದ್ದು. ಬೆಳಗಾವಿಯನ್ನೇ ಕೇಂದ್ರ ಮಾಡಿಕೊಂಡ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂ.ಟೆಕ್. ಶಾಖೆಗಳಲ್ಲಿ ಮೆಶಿನ್ ಡಿಸೈನ್, ಪ್ರಾಡಕ್ಟ್ ಡಿಸೈನ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಎಂಬ ಹೆಸರುಗಳಿವೆ. ಹೆಸರು ಹತ್ತಿರವಾದರೂ ವಿದ್ಯೆ ಬೇರೆ. ಎಂ.ಟೆಕ್. ವಿದ್ಯಾರ್ಥಿ ಯಂತ್ರದ ಭಾಗಕ್ಕೆ ಎಷ್ಟು ಒತ್ತಡ ತಡೆಯುವ ಶಕ್ತಿಯಿದೆ ಎಂದು ಲೆಕ್ಕ ಹಾಕುತ್ತಾನೆ, ಎಂ.ಡೆಸ್. ವಿದ್ಯಾರ್ಥಿನಿ ಆ ಯಂತ್ರದ ಮುಂದೆ ನಿಲ್ಲುವ ಮನುಷ್ಯನಿಂದ ಲೆಕ್ಕ ಶುರು ಮಾಡುತ್ತಾಳೆ. ಸೇರುವ ಮುನ್ನ ಈ ವ್ಯತ್ಯಾಸ ಗೊತ್ತಿಲ್ಲದೆ ಎರಡು ವರ್ಷ ಕಳೆಯುವುದು ದುಬಾರಿ.

ಇಂಟರ‍್ಯಾಕ್ಷನ್ ಡಿಸೈನ್ ಎಂದರೇನೆಂದು ಕನ್ನಡ ಶಾಲೆಯ ಮಕ್ಕಳಿಗೆ ವಿವರಿಸಬೇಕಾದರೆ ಐಡಿಸಿಯಲ್ಲಿ ಅನಿರುದ್ಧ ಜೋಶಿಯವರ ತಂಡ ರೂಪಿಸಿದ ‘ಸ್ವರಚಕ್ರ’ ಕೀಲಿಮಣೆ ಸಾಕು. ಮೊಬೈಲಿನ ಮೇಲೆ ಕ ಖ ಗ ಘ ವರ್ಗದ ಸಾಲಿನಲ್ಲೇ ವ್ಯಂಜನಗಳು ನಿಂತಿರುತ್ತವೆ. ‘ಕ’ದ ಮೇಲೆ ಬೆರಳಿಟ್ಟರೆ ಸುತ್ತಲೂ ಚಕ್ರ ಅರಳಿ ಕಾ, ಕಿ, ಕೀ, ಕು ಎಂದು ಕಾಗುಣಿತ ಕಾಣುತ್ತದೆ, ಬೇಕಾದ ಕಡೆ ಬೆರಳು ಜಾರಿಸಿದರೆ ಅಕ್ಷರ ಮೂಡುತ್ತದೆ. ಇಂಗ್ಲಿಷ್ ಟೈಪಿಂಗ್ ಬಾರದವರಿಗೂ ಒಂದನೇ ತರಗತಿಯಲ್ಲಿ ಕಲಿತ ಕ್ರಮವೇ ಇಲ್ಲಿ ಕೆಲಸಕ್ಕೆ ಬರುತ್ತದೆ.

ಕಟಕೋಳದ ಸುತ್ತಲಿನ ಬದುಕಿಗೆ ಎಲ್ಲಕ್ಕಿಂತ ಹತ್ತಿರವಾದ ಕವಲು ಜವಳಿ ವಿನ್ಯಾಸ. ರಾಮದುರ್ಗ ನೇಕಾರರ ಊರು. ಇಳಕಲ್ ಮಾದರಿಯ ಸೀರೆ ಅಲ್ಲಿನ ಕೈಮಗ್ಗಗಳಿಂದಲೂ ಪವರ್‌ಲೂಮ್‌ಗಳಿಂದಲೂ ಬರುತ್ತದೆ. ಅಸಲು ಇಳಕಲ್ ಸೀರೆಯ ಗುಟ್ಟು ಅದರ ಕೊಂಡಿಯಲ್ಲಿದೆ. ಒಡಲಿನ ಹಾಸೇ ಬೇರೆ, ಸೆರಗಿನ ಕೆಂಪು ರೇಷ್ಮೆ ಹಾಸೇ ಬೇರೆ. ನೇಕಾರ ಕುಣಿಮಗ್ಗದ ಮೇಲೆ ಎರಡೂ ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಸೇರಿಸುತ್ತಾನೆ. ಆಮೇಲೆ ಕೆಂಪು ಸೆರಗಿನಲ್ಲಿ ಬಿಳಿಯ ತೆನೆ ಸಾಲುಗಳು ಏಳುತ್ತವೆ. ಹೀಗೆ ಕೊಂಡಿ ಹಾಕಬೇಕಾದ್ದರಿಂದ ಪ್ರತಿ ಸೀರೆಗೂ, ಆರು ಗಜವೋ ಒಂಬತ್ತು ಗಜವೋ, ಹಾಸನ್ನು ಪ್ರತ್ಯೇಕವಾಗಿ ಸಿದ್ಧ ಮಾಡಬೇಕು. ಉದ್ದ ಹಾಸು ಸುತ್ತಿ ಸೀರೆಯ ಮೇಲೆ ಸೀರೆ ನೇಯುವ ಯಂತ್ರದ ಲೆಕ್ಕಕ್ಕೆ ಇದು ಕೂಡುವುದಿಲ್ಲ. ಉತ್ಪನ್ನ ವಿನ್ಯಾಸದ ತರಗತಿಯಲ್ಲಿ ಒಂದಿಡೀ ಅವಧಿ ಚರ್ಚಿಸುವಷ್ಟು ವಿಷಯ ಈ ಒಂದು ಕೊಂಡಿಯಲ್ಲಿದೆ. ವಸ್ತು, ತಂತ್ರ, ವೇಳೆ, ಬೆಲೆ ನಾಲ್ಕೂ ಅಲ್ಲಿ ಕೂಡುತ್ತವೆ.

ಅದೇ ಸೀರೆಯ ಮೇಲೆ ಕಸೂತಿ. ಗಾವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ತೇರು, ಗೋಪುರ, ಆನೆ, ತುಳಸಿ ವೃಂದಾವನ ಮೂಡುತ್ತವೆ. ಬಟ್ಟೆಯ ಮೇಲೆ ಗೆರೆ ಎಳೆಯುವ ಹಾಗಿಲ್ಲ, ಎಳೆ ಎಣಿಸಿಯೇ ಸೂಜಿ ಇಡಬೇಕು. ಗಾವಂತಿ ಮತ್ತು ಮುರ್ಗಿಯಲ್ಲಿ ಗಂಟು ಹಾಕುವುದಿಲ್ಲ, ಎರಡೂ ಮಗ್ಗುಲಲ್ಲಿ ಚಿತ್ರ ಒಂದೇ ಸಮನಾಗಿ ಕಾಣುತ್ತದೆ. ಮದುವಣಗಿತ್ತಿಯ ಕಪ್ಪು ಚಂದ್ರಕಾಳಿ ಸೀರೆಗೆ ಈ ಕೆಲಸ ಮಾಡಿದ ಹೆಣ್ಣುಮಕ್ಕಳಿಗೆ ಯಾವ ಶಾಲೆಯ ಪಾಠವೂ ಇರಲಿಲ್ಲ.

ಈ ನೇಯ್ಗೆ, ಕಸೂತಿಗಳನ್ನು ಸ್ನಾತಕೋತ್ತರ ಅಧ್ಯಯನದ ವಿಷಯವಾಗಿ ಮೊದಲು ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ದೊಡ್ಡ ವಿನ್ಯಾಸ ಸಂಸ್ಥೆಗಳಷ್ಟೇ ಇಲ್ಲ. ಧಾರವಾಡದಲ್ಲಿ 1974ರಲ್ಲಿ ಗ್ರಾಮೀಣ ಗೃಹವಿಜ್ಞಾನ ಕಾಲೇಜೆಂಬ ಹೆಸರಿನಲ್ಲಿ ಶುರುವಾದ ಕಾಲೇಜೂ ಇದೆ. ಕೃಷಿ ವಿಶ್ವವಿದ್ಯಾಲಯದ ಭಾಗವಾದ ಅದರ ಜವಳಿ ಮತ್ತು ಉಡುಪು ವಿನ್ಯಾಸ ವಿಭಾಗ ಎಂ.ಎಸ್ಸಿ., ಪಿಎಚ್.ಡಿ. ಹಂತದಲ್ಲಿ ಕಸೂತಿ, ಇಳಕಲ್ ಸೀರೆ, ಗುಳೇದಗುಡ್ಡದ ಖಣ, ತಾನಾಗಿಯೇ ಬಣ್ಣ ಹೊತ್ತು ಬೆಳೆಯುವ ಹತ್ತಿಯ ಮೇಲೆ ಕೆಲಸ ಮಾಡುತ್ತ ಬಂದಿದೆ. ಅಲ್ಲಿ ಕಲಿಸಿದ ಶೈಲಜಾ ಡಿ. ನಾಯಕ್ ಭಾರತದ ಸಾಂಪ್ರದಾಯಿಕ ಕಸೂತಿಗಳ ಬಗ್ಗೆ 1996ರಲ್ಲಿ ಇಂಗ್ಲಿಷ್ ಪುಸ್ತಕವನ್ನೇ ಹೊರತಂದರು. ವಿನ್ಯಾಸ ಶಿಕ್ಷಣದ ಚರ್ಚೆಗಳಲ್ಲಿ ಧಾರವಾಡದ ಈ ವಿಭಾಗದ ಹೆಸರು ಬರುವುದು ಅಪರೂಪ. ಬಹುಶಃ ಗೃಹವಿಜ್ಞಾನ ಎಂಬ ಹಣೆಪಟ್ಟಿ, ಅದು ಹೆಣ್ಣುಮಕ್ಕಳ ಕಾಲೇಜೆಂಬ ಭಾವನೆ, ಎರಡೂ ಸೇರಿ ಅದನ್ನು ಮರೆಗೆ ಸರಿಸಿದವು. ಇದು ನ್ಯಾಯವಲ್ಲ. ಹೊಲದ ಹತ್ತಿಯಿಂದ ಉಡುವ ಸೀರೆಯ ತನಕ ಒಂದೇ ಆವರಣದಲ್ಲಿ ಅಧ್ಯಯನ ಮಾಡುವ ಅವಕಾಶ ಮಹಾನಗರಗಳ ವಿನ್ಯಾಸ ಶಾಲೆಗಳಿಗೆ ಸುಲಭವಾಗಿ ಸಿಗುವಂಥದಲ್ಲ.

ಎನ್‌ಐಡಿಯ ಕಡೆಯಿಂದಲೂ ಕರಕುಶಲಗಳತ್ತ ದೊಡ್ಡ ಕೆಲಸ ನಡೆದಿದೆ. ವಿದ್ಯಾರ್ಥಿಗಳು ಊರೂರಿಗೆ ಹೋಗಿ ಒಂದೊಂದು ಕಸುಬನ್ನು ದಾಖಲಿಸುವುದು ಅಲ್ಲಿನ ಪಠ್ಯದ ಅಂಗ. ಅದಿತಿ ರಂಜನ್ ಮತ್ತು ಎಂ.ಪಿ. ರಂಜನ್ ಸಂಪಾದಿಸಿ 2007ರಲ್ಲಿ ಹೊರಬಂದ ‘ಹ್ಯಾಂಡ್‌ಮೇಡ್ ಇನ್ ಇಂಡಿಯಾ’ ಗ್ರಂಥ ದೇಶದ ಕರಕುಶಲಗಳ ನಕ್ಷೆಯನ್ನೇ ಕೊಟ್ಟಿತು. ಆದರೂ ದಾಖಲಿಸುವವರು ಹೊರಗಿನಿಂದ ಬರುವುದು, ದಾಖಲಾಗುವವರು ಊರಲ್ಲೇ ಉಳಿಯುವುದು ಎಂಬ ಏರ್ಪಾಡು ಬದಲಾಗಿಲ್ಲ.

ಬದಲಾಗಬಹುದಾದ ದಾರಿ ಕಾಗದದ ಮೇಲಂತೂ ತೆರೆದಿದೆ. ಮುಂಬಯಿ ಐಐಟಿ ನಡೆಸುವ ಸೀಡ್ ಎಂಬ ಎಂ.ಡೆಸ್. ಪ್ರವೇಶ ಪರೀಕ್ಷೆಗೆ ಈಗ ಎಂಜಿನಿಯರೇ ಆಗಬೇಕೆಂದಿಲ್ಲ. ಪಿಯುಸಿ ನಂತರ ಕನಿಷ್ಠ ಮೂರು ವರ್ಷದ ಪದವಿ ಅಥವಾ ಡಿಪ್ಲೊಮಾ ಮಾಡಿದ ಯಾರೇ ಆದರೂ ಬರೆಯಬಹುದು, ವಯಸ್ಸಿನ ಮಿತಿಯೂ ಇಲ್ಲ. ರಾಮದುರ್ಗದ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ನೇಕಾರರ ಮಗಳೂ ಅರ್ಹಳೇ. ಪರೀಕ್ಷೆಯ ಮೊದಲ ಭಾಗ ಕಂಪ್ಯೂಟರಿನ ಮೇಲೆ, ಎರಡನೆಯ ಭಾಗ ಕೈಯಿಂದ ಚಿತ್ರ ಬರೆದು ಉತ್ತರಿಸುವಂಥದ್ದು. ಎರಡನೆಯದರಲ್ಲಿ ಅವಳ ಕೈ ಹಿಂದೆ ಬೀಳಲಾರದು. ಆದರೆ ಪ್ರಶ್ನೆಗಳು ಇಂಗ್ಲಿಷಿನಲ್ಲಿರುತ್ತವೆ. ಇನ್ನು ಹತ್ತನೆಯ ತರಗತಿಯ ನಂತರ ನೇರವಾಗಿ ಕೈಮಗ್ಗ ತಂತ್ರಜ್ಞಾನದ ಡಿಪ್ಲೊಮಾ ಮಾಡಿಕೊಂಡ ಹುಡುಗನ ಪಾಡು ಬೇರೆ. ಮಗ್ಗದ ವಿದ್ಯೆಯಲ್ಲಿ ಅವನು ಬಿ.ಎ. ಪದವೀಧರರಿಗಿಂತ ಎಷ್ಟೋ ಮುಂದಿದ್ದರೂ ಪಿಯುಸಿ ನಂತರದ ಮೂರು ವರ್ಷ ಎಂಬ ನಿಯಮಕ್ಕೆ ಆ ಡಿಪ್ಲೊಮಾ ಒಂದೇ ಸಾಲುವುದಿಲ್ಲ. ಧಾರವಾಡದ ಎಂ.ಎಸ್ಸಿ. ಹತ್ತಿರದ್ದೇ, ಆದರೆ ಅದಕ್ಕೆ ಗೃಹವಿಜ್ಞಾನದ ಈಗಿನ ಹೆಸರಾದ ಸಮುದಾಯ ವಿಜ್ಞಾನದ ಪದವಿ ಬೇಕು. ಜವಳಿ ವಿನ್ಯಾಸದ ಸೀಟು ಹಂಚುವಾಗ ಮಗ್ಗದ ಮೇಲೆ ಕೂತ ವರ್ಷಗಳನ್ನೂ ಅರ್ಹತೆಯೆಂದು ಎಣಿಸುವ ನಿಯಮವನ್ನು ಈ ಸಂಸ್ಥೆಗಳಲ್ಲಿ ಯಾವುದಾದರೂ ಒಂದು ತಂದರೆ, ಮೊದಲ ಅರ್ಜಿಗಳು ರಾಮದುರ್ಗ, ಇಳಕಲ್, ಗುಳೇದಗುಡ್ಡದಿಂದ ಬರಬೇಕು.