ಹೊಸ್ತಿಲ ಒಳಗೂ ಸರ್ಕಾರದ ಹೊಣೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನಮಗೆಲ್ಲ ಗೊತ್ತು. ಪೊಲೀಸ್ ಠಾಣೆಗಳಲ್ಲಿ ಬಹುಕಾಲ ಈ ಗಾದೆಯೇ ಕಾನೂನಿನಂತೆ ನಡೆಯಿತು. ಏಟು ತಿಂದು ಬಂದವಳಿಗೆ ಬುದ್ಧಿ ಹೇಳಿ ಮನೆಗೆ ಕಳಿಸುವುದೇ ಪರಿಹಾರವೆನಿಸಿತ್ತು.

ಅದರ ಪರಿಣಾಮವನ್ನು ಬೆಂಗಳೂರು 1990ರ ದಶಕದಲ್ಲಿ ಕಂಡಿತು. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಬರುತ್ತಿದ್ದ ಯುವತಿಯರ ಸಾವುಗಳನ್ನು 'ವಿಮೋಚನಾ' ಮಹಿಳಾ ಸಂಘಟನೆ ದಾಖಲಿಸತೊಡಗಿತು. ಎಷ್ಟೋ ಸಾವುಗಳು 'ಸ್ಟೌ ಸಿಡಿದು ಆಕಸ್ಮಿಕ' ಎಂದೇ ಕಡತ ಸೇರಿದ್ದವು. ಪತಿಯ ಕ್ರೌರ್ಯವನ್ನು ಅಪರಾಧವೆನ್ನುವ 498-ಎ ಕಲಮು 1983ರಲ್ಲೇ, ವರದಕ್ಷಿಣೆ ಸಾವಿನ 304-ಬಿ ಕಲಮು 1986ರಲ್ಲೇ ಬಂದಿದ್ದವು. ಕಾನೂನಿತ್ತು, ಕಾಪಾಡುವವರಿರಲಿಲ್ಲ.

ಹೊಡೆದವನು ಗಂಡ, ಸರ್ಕಾರ ಹೇಗೆ ಹೊಣೆ? ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ಒಪ್ಪಂದವನ್ನು ವಿಶ್ವಸಂಸ್ಥೆ 1979ರಲ್ಲಿ ಅಂಗೀಕರಿಸಿತು. ಖಾಸಗಿ ವ್ಯಕ್ತಿಯ ಹಿಂಸೆಯನ್ನು ತಡೆಯಲು, ತನಿಖೆ ಮಾಡಲು, ಶಿಕ್ಷಿಸಲು ತಕ್ಕ ಎಚ್ಚರ ವಹಿಸದ ಸರ್ಕಾರವೂ ಹೊಣೆಯಾಗಬಹುದೆಂದು ಆ ಒಪ್ಪಂದದ ಸಮಿತಿ 1992ರಲ್ಲಿ ಸ್ಪಷ್ಟಪಡಿಸಿತು. ಮರುವರ್ಷ ಭಾರತ ಒಪ್ಪಂದಕ್ಕೆ ಬದ್ಧವಾಯಿತು. ಟರ್ಕಿಯಲ್ಲಿ ಪದೇ ಪದೇ ದೂರು ಕೊಟ್ಟರೂ ರಕ್ಷಣೆ ಸಿಗದೆ ತಾಯಿಯೊಬ್ಬಳು 2002ರಲ್ಲಿ ಅಳಿಯನ ಗುಂಡಿಗೆ ಬಲಿಯಾದಳು. 2009ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಟರ್ಕಿ ಸರ್ಕಾರವನ್ನೇ ತಪ್ಪಿತಸ್ಥವೆಂದಿತು.

ನಮ್ಮಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಬನಶಂಕರಿಯ ಬಾಡಿಗೆ ಮನೆಯಲ್ಲಿ ಏಟು ತಿನ್ನುವ ಹೆಣ್ಣುಮಗಳು, ಯಾವ ಧರ್ಮದವಳೇ ಆಗಲಿ, ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ರಕ್ಷಣಾ ಆದೇಶವನ್ನೂ ಕೇಳಬಹುದು. ತಲಾಖ್ ಆಯಿತೆಂಬ ಕಾರಣಕ್ಕೆ ಹಿಂದಿನ ಹಿಂಸೆಯ ದೂರು ಬಿದ್ದುಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ. ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕು.

ಅವಳ ನೆರವಿಗೆ ಸರ್ಕಾರ ನೇಮಿಸಬೇಕಾದವರು ಸಂರಕ್ಷಣಾಧಿಕಾರಿಗಳು. ಕರ್ನಾಟಕದಲ್ಲಿ ಈ ಹೊಣೆ ಬಿದ್ದದ್ದು ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹೆಗಲಿಗೆ. ನ್ಯಾಯಾಲಯದ ಆದೇಶವನ್ನು ಸಕಾರಣವಿಲ್ಲದೆ ಪಾಲಿಸದ ಅಧಿಕಾರಿಗೆ ಒಂದು ವರ್ಷದವರೆಗೆ ಸಜೆ ವಿಧಿಸಬಹುದೆಂದು ಕಾಯ್ದೆಯಲ್ಲೇ ಇದೆ. ಆದರೆ ಆ ಮೊಕದ್ದಮೆಗೆ ಸರ್ಕಾರದ ಪೂರ್ವಾನುಮತಿ ಬೇಕು! ಹೊಣೆ ತಪ್ಪಿದವರನ್ನು ಕೇಳುವ ಕೀಲಿಕೈಯೂ ಸರ್ಕಾರದ ಬಳಿಯೇ ಇದೆ.

ಆದ್ದರಿಂದ ಹೆಣ್ಣೊಬ್ಬಳು ಮನೆಯೊಳಗೆ ಸತ್ತಾಗ ಹೊಡೆದವರಾರೆಂದು ಕೇಳಿದರಷ್ಟೇ ಸಾಲದು. ಅವಳು ಮೊದಲು ಯಾರ ಬಾಗಿಲು ತಟ್ಟಿದ್ದಳು, ಅಲ್ಲಿ ಏನಾಯಿತು ಎಂದೂ ನಾವು ಕೇಳಬೇಕು.