ಹೇಸ್ಟಿಂಗ್ಸ್ ಬೀದಿ: ಶಹರ ಹುಟ್ಟಿದ ಕೇರಿ, ಶಹರ ಕೈಬಿಟ್ಟ ಕೇರಿ

ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್‌ನಲ್ಲಿ ಹೇಸ್ಟಿಂಗ್ಸ್ ಬೀದಿಯೂ ಮೇನ್ ಬೀದಿಯೂ ಕೂಡುವಲ್ಲಿ ಗುಮ್ಮಟ ಹೊತ್ತ ಹಳೆಯ ಕಲ್ಲುಕಟ್ಟಡವೊಂದಿದೆ. ಅಮೆರಿಕದ ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿ ಕೊಟ್ಟ 50,000 ಡಾಲರಿನಲ್ಲಿ 1903ರಲ್ಲಿ ಎದ್ದ ಗ್ರಂಥಾಲಯವದು. ಅದರ ಸುತ್ತಣ ಬೀದಿಗಳಿಗೆ ಡೌನ್‌ಟೌನ್ ಈಸ್ಟ್‌ಸೈಡ್ ಎಂದು ಹೆಸರು. ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಗಾಜಿನ ಗೋಪುರಗಳ ವ್ಯಾಪಾರ ಕೇಂದ್ರ. ಇಲ್ಲಿ ಮಾತ್ರ ಹಲಗೆ ಹೊಡೆದು ಮುಚ್ಚಿದ ಅಂಗಡಿಗಳು, ಫುಟ್‌ಪಾತಿನ ಮೇಲೆ ಟಾರ್ಪಾಲು, ಓಣಿಗಳಲ್ಲಿ ಹಾಡಹಗಲೇ ಸೂಜಿ ಚುಚ್ಚಿಕೊಳ್ಳುವ ಜನ. ಹೊರಗಿನವರು ಇದನ್ನು ವ್ಯಸನಿಗಳ ಕೇರಿ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆದರೆ ಇದರ ಚರಿತ್ರೆ ಓದಿದರೆ, ಕೇರಿ ಕೆಟ್ಟದ್ದಕ್ಕೆ ತಾರೀಖುಗಳಿವೆ, ಸಹಿಗಳಿವೆ ಎಂಬುದು ಗೊತ್ತಾಗುತ್ತದೆ.

ಇದು ಮಸ್ಕ್ವಿಯಂ, ಸ್ಕ್ವಾಮಿಶ್, ತ್ಸ್ಲೇಲ್-ವಾಟೂತ್ ಮೂಲನಿವಾಸಿಗಳ ನೆಲ. ಅವರು ಇದನ್ನು ಯಾವ ಒಪ್ಪಂದದಲ್ಲೂ ಬಿಟ್ಟುಕೊಟ್ಟವರಲ್ಲ. 1860ರ ದಶಕದಲ್ಲಿ ಬರಾರ್ಡ್ ಕೊಲ್ಲಿಯ ದಡದಲ್ಲಿ ಮರ ಕೊಯ್ಯುವ ಮಿಲ್ಲು ಬಂತು. 1867ರಲ್ಲಿ ಜಾಕ್ ಡೈಟನ್ ಎಂಬಾತ ಮಿಲ್ಲಿನ ಆಳುಗಳಿಗೆಂದು ಹೆಂಡದಂಗಡಿ ತೆರೆದ. ಅದರ ಸುತ್ತ ಬೆಳೆದ ಹಟ್ಟಿಯೇ 1886ರಲ್ಲಿ ವ್ಯಾಂಕೂವರ್ ನಗರವಾಯಿತು. ಅದೇ ವರ್ಷ ಜೂನ್‌ನಲ್ಲಿ ಊರು ಸುಟ್ಟು ಬೂದಿಯಾಯಿತು, ಮರುವರ್ಷ ರೈಲು ಬಂತು. ಕಾಡಿನಲ್ಲಿ ಮರ ಕಡಿಯುವವರು, ಹಡಗಿನ ಕೂಲಿಗಳು, ಮೀನಿನ ಕಾರ್ಖಾನೆಯವರು ಹಂಗಾಮು ಮುಗಿದೊಡನೆ ಇಲ್ಲಿ ಬಂದು ತಂಗುತ್ತಿದ್ದರು. ಅವರಿಗೆಂದು ಸಾಲು ಸಾಲು ಹೋಟೆಲುಗಳು ಎದ್ದವು. ಒಬ್ಬರು ಮಲಗುವಷ್ಟು ಕೋಣೆ. ಬಚ್ಚಲು, ಪಾಯಿಖಾನೆ ಅಂತಸ್ತಿಗೆಲ್ಲ ಸೇರಿ. ದುಡಿಯುವ ಒಂಟಿ ಗಂಡಸರಿಗೆ ಕಟ್ಟಿದ ಈ ಕೋಣೆಗಳೇ ಮುಂದೆ ಬಡವರ ಕಟ್ಟಕಡೆಯ ಸೂರಾದವು.

ಆಗ ಇದು ಶಹರದ ಪೇಟೆಬೀದಿ. 1903ರಲ್ಲಿ ಹೇಸ್ಟಿಂಗ್ಸ್ ಬೀದಿಗೆ ಬಂದ ವುಡ್‌ವರ್ಡ್ಸ್ ಅಂಗಡಿಯಲ್ಲಿ ತರಕಾರಿಯಿಂದ ಕೋಟಿನವರೆಗೆ ಎಲ್ಲವೂ ಸಿಗುತ್ತಿತ್ತು. ಆದರೆ ಆ ಗದ್ದಲದ ದಿನಗಳಲ್ಲೇ ಜನರನ್ನು ಅಟ್ಟುವ ಚಾಳಿಯೂ ಶುರುವಾಗಿತ್ತು. 1907ರಲ್ಲಿ ಬಿಳಿಯರ ಗುಂಪು ಚೀನೀ, ಜಪಾನೀ ಅಂಗಡಿಗಳನ್ನು ಒಡೆದು ಹಾಕಿತು. ನಷ್ಟದ ಲೆಕ್ಕ ತೆಗೆಯಲು ಬಂದ ಅಧಿಕಾರಿ, ಮುಂದೆ ಪ್ರಧಾನಿಯಾದ ಮೆಕೆಂಜಿ ಕಿಂಗ್. ಪರಿಹಾರ ಕೇಳಿದವರಲ್ಲಿ ಅಫೀಮು ತಯಾರಕರೂ ಇದ್ದುದನ್ನು ಕಂಡು ಆತ ಕೊಟ್ಟ ವರದಿಯ ಬೆನ್ನಲ್ಲೇ 1908ರ ಅಫೀಮು ಕಾನೂನು ಬಂತು. ದೇಶದ ಮಾದಕವಸ್ತು ನಿಷೇಧಕ್ಕೆ ಬೇರು ಸಿಕ್ಕಿದ್ದು ಈ ಬೀದಿಗಳಲ್ಲೇ.

ಪವೆಲ್ ಬೀದಿಯ ಜಪಾನೀ ಕೆನಡಿಯನ್ನರದು ಇನ್ನೊಂದು ಕಥೆ. ಅಲ್ಲಿನ ಮೈದಾನದಲ್ಲಿ ಅವರ ಅಸಾಹಿ ಬೇಸ್‌ಬಾಲ್ ತಂಡ ಊರಿಗೇ ಅಚ್ಚುಮೆಚ್ಚು. 1942ರಲ್ಲಿ ಸರ್ಕಾರ ಕರಾವಳಿಯ ಸುಮಾರು 22,000 ಜಪಾನೀ ಕೆನಡಿಯನ್ನರನ್ನು ಒಕ್ಕಲೆಬ್ಬಿಸಿ, ಅವರ ಮನೆ, ದೋಣಿ, ಅಂಗಡಿಗಳನ್ನು ಮಾರಿ ಹಾಕಿತು. 1949ರವರೆಗೆ ಅವರು ಮರಳುವಂತಿರಲಿಲ್ಲ. ಪಕ್ಕದಲ್ಲೇ ಕಪ್ಪು ಜನರ ಹೋಗನ್ಸ್ ಆಲಿ ಎಂಬ ಕೇರಿಯನ್ನು 1970ರ ಹೊತ್ತಿಗೆ ಮೇಲ್ಸೇತುವೆಗಾಗಿ ಕೆಡವಲಾಯಿತು.

ಆಮೇಲಿನ ಪೆಟ್ಟುಗಳು ಸದ್ದಿಲ್ಲದೆ ಬಿದ್ದವು. 1957ರಲ್ಲಿ ಗ್ರಂಥಾಲಯ ಬೇರೆಡೆಗೆ ಹೋಯಿತು. 1958ರ ಹೊತ್ತಿಗೆ ಹೊರವಲಯದ ಟ್ರಾಮ್ ನಿಂತಿತು, ಗಿರಾಕಿಗಳೂ ಕಡಿಮೆಯಾದರು. 1950ರ ದಶಕದಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ರೋಗಿಗಳಿದ್ದ ರಿವರ್‌ವ್ಯೂ ಮಾನಸಿಕ ಆಸ್ಪತ್ರೆ ಹಂತಹಂತವಾಗಿ ಖಾಲಿಯಾಗಿ 2012ರಲ್ಲಿ ಬಾಗಿಲು ಹಾಕಿತು. ಹೊರಬಂದವರಿಗೆ ಊರಲ್ಲಿ ಸಾಕಷ್ಟು ಆರೈಕೆಯ ಏರ್ಪಾಡಾಗಲಿಲ್ಲ. ಅನೇಕರು ಈ ಅಗ್ಗದ ಕೋಣೆಗಳಿಗೆ ಬಂದು ಸೇರಿದರು. 1986ರ ಎಕ್ಸ್‌ಪೋ ಮೇಳದ ಪ್ರವಾಸಿಗರಿಗೆ ಜಾಗ ಮಾಡಲು ಹೋಟೆಲಿನವರು ನೂರಾರು ಹಳೆಯ ಬಾಡಿಗೆದಾರರನ್ನು ಹೊರಹಾಕಿದರು. 1993ರಲ್ಲಿ ವುಡ್‌ವರ್ಡ್ಸ್ ಮುಚ್ಚಿತು. ಅದೇ ವರ್ಷ ಒಟ್ಟಾವಾದ ಕೇಂದ್ರ ಸರ್ಕಾರ ಹೊಸ ಸಾಮಾಜಿಕ ವಸತಿಗೆ ದುಡ್ಡು ಕೊಡುವುದನ್ನು ನಿಲ್ಲಿಸಿತು. ಕೆಲಸ, ಚಿಕಿತ್ಸೆ, ಮನೆ ಮೂರೂ ಹಿಂದೆ ಸರಿದ ಜಾಗಕ್ಕೆ ಹೆರಾಯಿನ್, ಕೊಕೇನ್ ವ್ಯಾಪಾರ ಬಂದು ಕೂತಿತು.

ಕೇರಿಯವರು ಕೈಕಟ್ಟಿ ಕೂತಿರಲಿಲ್ಲ. 1973ರಲ್ಲಿ ಬ್ರೂಸ್ ಎರಿಕ್ಸನ್ ಮತ್ತು ಸಂಗಾತಿಗಳು ನಿವಾಸಿಗಳ ಸಂಘ ಕಟ್ಟಿದರು. ಹೋಟೆಲುಗಳಲ್ಲಿ ಬೆಂಕಿ ನಂದಿಸುವ ನೀರಿನ ವ್ಯವಸ್ಥೆಯಿರಬೇಕೆಂದು ಹಟ ಹಿಡಿದು ಗೆದ್ದರು. ಪಾಳುಬಿದ್ದ ಕಾರ್ನೆಗಿ ಕಟ್ಟಡ 1980ರಲ್ಲಿ ಸಮುದಾಯ ಭವನವಾಗಿ ತೆರೆದದ್ದೂ ಅವರ ಒತ್ತಾಯದಿಂದಲೇ. ಅಗ್ಗದ ಊಟ, ಓದುವ ಕೋಣೆ, ಕಲಿಕೆ ಎಲ್ಲವೂ ಈಗ ಅಲ್ಲುಂಟು. 1984ರಲ್ಲಿ ಕಡಲಂಚಿನಲ್ಲಿ ಠಿಕಾಣಿ ಹೂಡಿ ಪಾರ್ಕು ಕೇಳಿದರು. 1987ರಲ್ಲಿ ಅದೂ ಸಿಕ್ಕಿತು.

1997ರಲ್ಲಿ ಓವರ್‌ಡೋಸ್ ಸಾವುಗಳನ್ನು ಎತ್ತಿ ತೋರಿಸಲು ಜನ ಓಪನ್‌ಹೈಮರ್ ಪಾರ್ಕಿನಲ್ಲಿ ಸಾವಿರ ಶಿಲುಬೆ ನೆಟ್ಟರು. ಅಸಾಹಿ ತಂಡ ಆಡಿದ್ದ ಮೈದಾನವೇ ಅದು. ಅದೇ ವರ್ಷ ಎಚ್‌ಐವಿ ಸೋಂಕಿನಿಂದಾಗಿ ಇಲ್ಲಿ ಆರೋಗ್ಯ ತುರ್ತುಸ್ಥಿತಿ ಘೋಷಣೆಯಾಯಿತು. 1998ರ ಹೊತ್ತಿಗೆ ಮಾದಕವಸ್ತು ಬಳಸುವವರೇ ಸಂಘ ಕಟ್ಟಿಕೊಂಡರು. 2003ರಲ್ಲಿ ಹೇಸ್ಟಿಂಗ್ಸ್ ಬೀದಿಯಲ್ಲಿ 'ಇನ್‌ಸೈಟ್' ತೆರೆಯಿತು: ನರ್ಸುಗಳ ಕಣ್ಣೆದುರು, ಶುದ್ಧ ಸಿರಿಂಜಿನಲ್ಲಿ ಚುಚ್ಚಿಕೊಳ್ಳುವ ಜಾಗ, ಉತ್ತರ ಅಮೆರಿಕದಲ್ಲೇ ಕಾನೂನುಬದ್ಧವಾದ ಮೊದಲನೆಯದು. ಕೇಂದ್ರ ಸರ್ಕಾರ ಮುಚ್ಚಿಸಲು ಹೊರಟಾಗ 2011ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ತಡೆದರು. ಇನ್‌ಸೈಟ್ ತೆರೆದ ಮೇಲೆ ಸುತ್ತಲಿನ 500 ಮೀಟರ್ ಫಾಸಲೆಯಲ್ಲಿ ಓವರ್‌ಡೋಸ್ ಸಾವು ಶೇ 35ರಷ್ಟು ಇಳಿದಿತ್ತೆಂದು ಅದೇ ವರ್ಷ 'ಲ್ಯಾನ್ಸೆಟ್' ಪತ್ರಿಕೆಯ ಅಧ್ಯಯನ ಹೇಳಿತು.

ಹೆಂಗಸರ ಪಾಲಿಗಂತೂ ಕಾನೂನು ಕಿವುಡಾಗಿತ್ತು. ವರ್ಷಗಟ್ಟಲೆ ಇಲ್ಲಿಂದ ಮಹಿಳೆಯರು ಕಾಣೆಯಾದರು. ಅವರಲ್ಲಿ ಅನೇಕರು ಮೂಲನಿವಾಸಿಗಳು. ಪೊಲೀಸರು ದೂರುಗಳನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ ಎಂದು ಪಂಜಾಬಿ ಮೂಲದ ನಿವೃತ್ತ ನ್ಯಾಯಾಧೀಶ ವಾಲಿ ಒಪ್ಪಲ್ ಆಯೋಗ 2012ರಲ್ಲಿ ಬರೆಯಿತು. 1992ರಿಂದ ಪ್ರತಿ ಫೆಬ್ರವರಿ 14ರಂದು ಹೆಂಗಸರು ಕಾಣೆಯಾದವರ ನೆನಪಿನಲ್ಲಿ ಮೆರವಣಿಗೆ ಹೊರಡುತ್ತಾರೆ.

ಆಮೇಲೆ ಫೆಂಟನಿಲ್ ಎಂಬ ಮಾದಕವಸ್ತು ಬಂತು. ಕಳ್ಳಮಾಲಿನಲ್ಲಿ ಎಷ್ಟು ಬೆರೆತಿದೆಯೆಂದು ಕೊಂಡವನಿಗೂ ತಿಳಿಯದು. 2016ರ ಏಪ್ರಿಲಿನಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಮತ್ತೊಂದು ತುರ್ತುಸ್ಥಿತಿ ಸಾರಿತು. 2023ರಲ್ಲಿ ಪ್ರಾಂತ್ಯದಲ್ಲಿ ಓವರ್‌ಡೋಸ್‌ನಿಂದ ಸತ್ತವರು 2,500ಕ್ಕೂ ಮೇಲೆ. ಆ ವರ್ಷ ಜನವರಿಯಿಂದ 2.5 ಗ್ರಾಂವರೆಗೆ ಮಾದಕವಸ್ತು ಇಟ್ಟುಕೊಳ್ಳುವುದು ಅಪರಾಧವಲ್ಲವೆಂದಾಯಿತು. ಬೀದಿಯಲ್ಲಿ ಬಳಸುವವರ ಬಗ್ಗೆ ಕೂಗೆದ್ದು, 2024ರಲ್ಲಿ ಸಾರ್ವಜನಿಕ ಜಾಗಗಳಿಗೆ ಆ ವಿನಾಯಿತಿ ರದ್ದಾಯಿತು. ಆದರೆ ಕೋಣೆಯಿಲ್ಲದವನಿಗೆ ಬೀದಿಯಲ್ಲದೆ ಬೇರೆ ಜಾಗವಿಲ್ಲ.

ಲೆಕ್ಕ ನೋಡಿ. ಸರ್ಕಾರಿ ನೆರವಿನಲ್ಲಿ ಒಬ್ಬನ ಬಾಡಿಗೆಗೆಂದು ಕೊಡುತ್ತಿದ್ದದ್ದು 2007ರಿಂದ 2023ರವರೆಗೆ ತಿಂಗಳಿಗೆ 375 ಡಾಲರ್, ಆಮೇಲೆ 500. ಈ ನಡುವೆ ಊರಿನ ಬಾಡಿಗೆ ಎಲ್ಲೋ ಹೋಯಿತು. ಬಾಲ್ಮೋರಲ್, ರೀಜೆಂಟ್ ಎಂಬ ಎರಡು ದೊಡ್ಡ ಹೋಟೆಲುಗಳನ್ನು ಮಾಲೀಕರು ರಿಪೇರಿಯಿಲ್ಲದೆ ಕೊಳೆಯಲು ಬಿಟ್ಟಾಗ ನಗರಸಭೆ 2017, 2018ರಲ್ಲಿ ಅವನ್ನು ಖಾಲಿ ಮಾಡಿಸಿತು. 2002ರಲ್ಲಿ ಜನ ಹೊಕ್ಕು ಕೂತು ಮನೆ ಕೇಳಿದ ವುಡ್‌ವರ್ಡ್ಸ್ ಜಾಗದಲ್ಲಿ ಹೊಸ ಗೋಪುರ ಎದ್ದಾಗ ಬಡವರಿಗೆ 200 ಮನೆ, ಮಾರುಕಟ್ಟೆಗೆ 536. ಓಪನ್‌ಹೈಮರ್ ಪಾರ್ಕಿನ ಗುಡಾರಗಳನ್ನು 2020ರಲ್ಲಿ, ಹೇಸ್ಟಿಂಗ್ಸ್ ಬೀದಿಯವನ್ನು 2023ರಲ್ಲಿ ಕಿತ್ತರು. ಗುಡಾರ ಕಿತ್ತರೆ ಗುಡಾರ ಹೋಗುತ್ತದೆ, ಮನುಷ್ಯ ಮುಂದಿನ ಬೀದಿಗೆ ಹೋಗುತ್ತಾನೆ.

ಸೂಜಿಯ ಪ್ರಶ್ನೆಗೆ ಈ ಕೇರಿ ತಾನೇ ಉತ್ತರ ಹುಡುಕಿ ಇಡೀ ಖಂಡಕ್ಕೆ ತೋರಿಸಿತು. ಸೂರಿನ ಪ್ರಶ್ನೆಗೂ ಅದರ ಬಳಿ ಉತ್ತರವಿದೆ, ಐವತ್ತು ವರ್ಷಗಳಿಂದ ಅದನ್ನೇ ಕೂಗುತ್ತಿದೆ: ನೆರವಿನ ಹಣಕ್ಕೆ ಸಿಗುವ ಬಾಡಿಗೆಯ, ಬೀಗ ಹಾಕಿಕೊಳ್ಳಬಹುದಾದ ಕೋಣೆ. ಅದನ್ನು ಕಟ್ಟುವ ದುಡ್ಡೂ ಅಧಿಕಾರವೂ 1993ರಲ್ಲಿ ಕೈ ಹಿಂತೆಗೆದವರ ಹತ್ತಿರವೇ ಇದೆ.