ಟಿವಿಯಿಂದ ಮೇಜಿಗೆ: ನುಂಗಂಬಾಕ್ಕಂನಲ್ಲಿ ಗೇಮ್ ಆಟದ ಮೂರು ದಶಕ

ಮೂವತ್ತು ವರ್ಷಗಳ ಹಿಂದೆ ಚೆನ್ನೈನ ನುಂಗಂಬಾಕ್ಕಂನಂಥ ಬಡಾವಣೆಯಲ್ಲಿ ವಿಡಿಯೊ ಗೇಮ್ ಎಂದರೆ ಹಾಲ್‌ನ ಟಿವಿಗೆ ಸಿಕ್ಕಿಸಿದ ಒಂದು ಪೆಟ್ಟಿಗೆ, ಅಂದರೆ ಕನ್ಸೋಲ್, ಮತ್ತು ಎರಡು ರಿಮೋಟ್. ಇವತ್ತು ಅದೇ ಬೀದಿಗಳ ಹುಡುಗ ಹುಡುಗಿಯರಲ್ಲಿ ಹಲವರು ಆಡುವುದು ಓದುವ ಮೇಜಿನ ಮೇಲಿರುವ ಕಂಪ್ಯೂಟರಿನಲ್ಲಿ. ಈ ಬದಲಾವಣೆಗೆ ಚಿತ್ರದ ಗುಣಮಟ್ಟವೇ ಕಾರಣ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ಊರುಗಳ ಚರಿತ್ರೆಯನ್ನು ನೋಡಿದರೆ ಆಮದು ಸುಂಕ, ರಿಪೇರಿ ಅಂಗಡಿ, ಇಂಟರ್‌ನೆಟ್ ತಂತಿ ಮತ್ತು ಮನೆಯ ಖರ್ಚಿನ ಲೆಕ್ಕ ಅದಕ್ಕಿಂತ ದೊಡ್ಡ ಕಾರಣಗಳು. ಕನ್ಸೋಲ್ ಮನೆಗೆ ಬಂದದ್ದು ಮಕ್ಕಳ ಹಟಕ್ಕೆ. ಕಂಪ್ಯೂಟರ್ ಬಂದದ್ದು ಅವರ ಓದಿಗೆ. ಗೇಮ್ ಓದಿನ ಬೆನ್ನು ಹತ್ತಿ ಮೇಜಿಗೆ ಬಂತು.

ಕ್ಯಾಸೆಟ್ಟಿನ ಕಾಲ

ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ 1983ರಲ್ಲಿ ಜಪಾನಿನಲ್ಲಿ ಬಂತು. ಭಾರತದಲ್ಲಿ ಅದರ ಅಧಿಕೃತ ರೂಪ ಸಮುರಾಯ್ ಹೆಸರಿನಲ್ಲಿ ಮಾರಾಟವಾದರೂ ಹೆಚ್ಚಿನ ಮನೆಗಳಿಗೆ ಬಂದದ್ದು ಮೀಡಿಯಾ, ಲಿಟಲ್ ಮಾಸ್ಟರ್, ಮೈಕ್ರೋ ಜೀನಿಯಸ್ ಮೊದಲಾದ ಅಗ್ಗದ ನಕಲುಗಳು. ಅದಕ್ಕೆ ಹಾಕುವ ಕಾರ್ಟ್ರಿಡ್ಜ್ ನಮ್ಮ ಬಾಯಲ್ಲಿ ‘ಕ್ಯಾಸೆಟ್’ ಆಯಿತು. ‘9999 ಇನ್ 1’ ಎಂದು ಮೇಲಿನ ಚೀಟಿಯಲ್ಲಿ ಅಚ್ಚಾದ ಕ್ಯಾಸೆಟ್ಟಿನಲ್ಲಿ ನಿಜಕ್ಕೂ ಇರುತ್ತಿದ್ದದ್ದು ಬೆರಳೆಣಿಕೆಯ ಆಟಗಳು. ಉಳಿದದ್ದೆಲ್ಲ ಅವೇ ಆಟಗಳ ಬೇರೆ ಬೇರೆ ಹಂತ. ಆದರೂ ಸೂಪರ್ ಮಾರಿಯೊ, ಕಾಂಟ್ರಾ ಮತ್ತು ಗನ್ ಹಿಡಿದು ಆಡುವ ಡಕ್ ಹಂಟ್‌ಗಳಲ್ಲಿ ಬೇಸಿಗೆ ರಜೆಗಳು ಕಳೆದುಹೋದವು. ಪೆಟ್ಟಿಗೆ ಕೊಳ್ಳಲಾಗದವರು ದಿನದ ಬಾಡಿಗೆಗೆ ತರುತ್ತಿದ್ದರು.

1995ರಲ್ಲಿ ಸೆಗಾ ಕಂಪನಿಯ ಮೆಗಾ ಡ್ರೈವ್ ಅನ್ನು ಭಾರತಕ್ಕೆ ತಂದದ್ದು ಮದ್ಯ ವ್ಯಾಪಾರದ ಶಾ ವಾಲೇಸ್. ಗೇಮ್ ಎಂಬುದು ಇನ್ನೂ ಯಾರ ಕಸುಬೂ ಆಗಿರಲಿಲ್ಲ ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ಆಗಲೂ ಪೆಟ್ಟಿಗೆಯ ಮೇಲೆ ಆಮದು ಸುಂಕದ ಹೊರೆ ಬೀಳುತ್ತಿತ್ತು. ಅಸಲಿಗೂ ನಕಲಿಗೂ ಬೆಲೆಯ ಅಂತರ ಹಿಗ್ಗುತ್ತಲೇ ಹೋಯಿತು.

ಬರ್ಮಾ ಬಜಾರಿನ ಡಿಸ್ಕ್

ನುಂಗಂಬಾಕ್ಕಂ ಸ್ಟೇಷನ್ನಿನಲ್ಲಿ ಎಲೆಕ್ಟ್ರಿಕ್ ರೈಲು ಹತ್ತಿದರೆ ಚೆಟ್‌ಪೆಟ್, ಎಗ್ಮೋರ್, ಪಾರ್ಕ್, ಫೋರ್ಟ್ ದಾಟಿ ಐದನೆಯದು ಬೀಚ್ ಸ್ಟೇಷನ್. ಅದರ ಎದುರಿಗೇ ಬರ್ಮಾ ಬಜಾರ್. ಬರ್ಮಾದಿಂದ ಮರಳಿ ಬಂದ ಕುಟುಂಬಗಳಿಗಾಗಿ 1969ರಲ್ಲಿ ಹುಟ್ಟಿದ ಈ ಅಂಗಡಿ ಸಾಲು ವಿದೇಶಿ ವಸ್ತುಗಳಿಗೆ ಹೆಸರಾಯಿತು. ಬೆಂಗಳೂರಿನವರಿಗೆ ಮೆಜೆಸ್ಟಿಕ್ ಪಕ್ಕದ ನ್ಯಾಷನಲ್ ಮಾರ್ಕೆಟ್ ಹೇಗೋ ಚೆನ್ನೈನವರಿಗೆ ಇದು ಹಾಗೆ. ಪ್ಲೇಸ್ಟೇಷನ್ ಮತ್ತು ಪ್ಲೇಸ್ಟೇಷನ್ 2 ಕನ್ಸೋಲ್‌ಗಳ ಕಾಲದಲ್ಲಿ ಯಂತ್ರಕ್ಕೆ ‘ಚಿಪ್ ಹಾಕಿಸುವುದು’ ಎಂಬ ಮಾತು ಶಾಲಾ ಮಕ್ಕಳಿಗೂ ಗೊತ್ತಿತ್ತು. ಚಿಪ್ ಹಾಕಿಸಿದ ಯಂತ್ರದಲ್ಲಿ ನಕಲು ಡಿಸ್ಕ್ ಓಡುತ್ತಿತ್ತು. ಜಗತ್ತಿನಾದ್ಯಂತ 15 ಕೋಟಿಗೂ ಹೆಚ್ಚು ಮಾರಾಟವಾದ ಪ್ಲೇಸ್ಟೇಷನ್ 2 ನಮ್ಮಲ್ಲಿ ಬೇರೂರಿದ್ದಕ್ಕೆ ಈ ಡಿಸ್ಕ್‌ಗಳ ಪಾಲು ದೊಡ್ಡದು.

ಅಸಲಿ ಬೇಕೆಂದವರಿಗೆ ನುಂಗಂಬಾಕ್ಕಂನಲ್ಲೇ ಒಂದು ಜಾಗವಿತ್ತು. ಹೈ ರೋಡ್‌ನ ಅಪೆಕ್ಸ್ ಪ್ಲಾಜಾದಲ್ಲಿ 1987ರಲ್ಲಿ ಶುರುವಾದ ಲ್ಯಾಂಡ್‌ಮಾರ್ಕ್ ಪುಸ್ತಕದಂಗಡಿಯಲ್ಲಿ ಪುಸ್ತಕ, ಸಂಗೀತದ ಜೊತೆಗೆ ಗೇಮ್‌ಗಳೂ ಸಿಗುತ್ತಿದ್ದವು. ಲೊಯೋಲಾ ಕಾಲೇಜಿನ ವಿದ್ಯಾರ್ಥಿಗಳೂ ಸುತ್ತಲಿನ ಮನೆಗಳ ಮಕ್ಕಳೂ ಡಬ್ಬಿ ತಿರುಗಿಸಿ ಬೆಲೆ ನೋಡಿ ಮತ್ತೆ ಅಲ್ಲೇ ಇಡುತ್ತಿದ್ದ ಜಾಗ ಅದು. ಆ ಅಂಗಡಿ ಈಗಿಲ್ಲ.

2006ರ ಕೊನೆಗೆ ಬಂದ ಇಎ ಸ್ಪೋರ್ಟ್ಸ್‌ನ ಕ್ರಿಕೆಟ್ 07 ಈ ಕಥೆಯ ತಿರುವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅದು ಪ್ಲೇಸ್ಟೇಷನ್ 2ಕ್ಕೂ ಕಂಪ್ಯೂಟರಿಗೂ ಬಂತು. 2008ರಲ್ಲಿ ಐಪಿಎಲ್ ಆರಂಭವಾದಾಗ ಕನ್ಸೋಲಿನ ಡಿಸ್ಕ್‌ನಲ್ಲಿ ಹಳೆಯ ತಂಡಗಳೇ ಉಳಿದವು. ಕಂಪ್ಯೂಟರಿನಲ್ಲಾದರೋ ಅಭಿಮಾನಿಗಳೇ ಜೆರ್ಸಿ, ಆಟಗಾರರ ಪಟ್ಟಿ, ಕ್ರೀಡಾಂಗಣಗಳನ್ನು ತಯಾರಿಸಿ ಆಟದೊಳಗೆ ಸೇರಿಸಿದರು. ಚೆನ್ನೈ ಸೂಪರ್ ಕಿಂಗ್ಸ್‌ನ ಹಳದಿಯೂ ಬೆಂಗಳೂರಿನ ಕೆಂಪೂ ಹೀಗೆ ಪರದೆಗೆ ಬಂದವು. ಇಎ ಅದಕ್ಕೆ ಮುಂದಿನ ಭಾಗವನ್ನು ತರಲೇ ಇಲ್ಲ. ಆಡುವವರು ಮಾತ್ರ ಆ ಆಟವನ್ನು ವರ್ಷ ವರ್ಷವೂ ಹೊಸದಾಗಿಸಿಕೊಂಡರು. ಕಂಪ್ಯೂಟರ್ ಎಂದರೆ ಒಳಗೆ ಕೈಹಾಕಬಹುದಾದ ಯಂತ್ರ ಎಂಬ ಅರಿವು ಹಲವರಿಗೆ ಮೂಡಿದ್ದು ಅಲ್ಲಿಯೇ.

ಬ್ರೌಸಿಂಗ್ ಸೆಂಟರಿನ ಪಾಠ

ಚೆನ್ನೈನಲ್ಲಿ ಸೈಬರ್ ಕೆಫೆಗೆ ‘ಬ್ರೌಸಿಂಗ್ ಸೆಂಟರ್’ ಎನ್ನುತ್ತಾರೆ. ಅಂಥ ಸೆಂಟರ್‌ಗಳನ್ನು ನಡೆಸುತ್ತಿದ್ದ ಸಿಫಿ ಚೆನ್ನೈನದೇ ಕಂಪನಿ. ಅದರ ಐವೇ ಕೇಂದ್ರಗಳು ನಗರದ ಉದ್ದಗಲಕ್ಕೂ ಇದ್ದವು. ಗಂಟೆಗಿಷ್ಟು ಎಂದು ಕೊಟ್ಟು ಕೂತರೆ ಪಕ್ಕದ ಕುರ್ಚಿಯವನ ವಿರುದ್ಧವೇ ಕೌಂಟರ್ ಸ್ಟ್ರೈಕ್ ಎಂಬ ಗುಂಡಿನ ಆಟ ಆಡಬಹುದಿತ್ತು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಯಂತ್ರದಲ್ಲೂ ಅದು ಓಡುತ್ತಿತ್ತು. ಕನ್ಸೋಲಿನ ರಿಮೋಟ್ ಮೇಲಿನ ಕಡ್ಡಿಯನ್ನು ಹೆಬ್ಬೆರಳಿನಿಂದ ತಳ್ಳಿ ಗುರಿ ಹಿಡಿಯುತ್ತಿದ್ದವರು ಇಲ್ಲಿ ಮೌಸ್ ಹಿಡಿದು ಇಡೀ ಮುಂಗೈ ಬಳಸುವುದನ್ನು ಕಲಿತರು.

ಈ ವ್ಯತ್ಯಾಸ ಸಣ್ಣದಲ್ಲ. ಕಡ್ಡಿಯನ್ನು ಎಷ್ಟು ವಾಲಿಸಿದರೆ ಅಷ್ಟು ವೇಗದಲ್ಲಿ ನೋಟ ತಿರುಗುತ್ತದೆ; ಅದು ಎಲ್ಲಿ ನಿಲ್ಲಬೇಕೆಂಬುದನ್ನು ಆಡುವವರು ಸಮಯ ನೋಡಿ ಅಂದಾಜಿಸಬೇಕು. ಮೌಸ್ ಎಷ್ಟು ದೂರ ಸರಿಯಿತೋ ನೋಟ ಅಷ್ಟೇ ತಿರುಗುತ್ತದೆ. ಆದ್ದರಿಂದಲೇ ಕನ್ಸೋಲಿನ ಗುಂಡಿನ ಆಟಗಳಲ್ಲಿ ಗುರಿಗೆ ಯಂತ್ರವೇ ಒಂದಿಷ್ಟು ಸಹಾಯ ಮಾಡುತ್ತದೆ. ಕನ್ಸೋಲ್ ಬಿಟ್ಟು ಬಂದವರಿಗೆ ಮೊದಲ ಕೆಲವು ವಾರ ಕೀಬೋರ್ಡಿನ ನಾಲ್ಕು ಅಕ್ಷರಗಳಲ್ಲಿ ನಡೆಯುವುದು ಕಷ್ಟವೆನಿಸುವುದು ನಿಜ. ಕಾರು ಓಟ, ಫುಟ್‌ಬಾಲ್ ಆಟಗಳಿಗೆ ಇಂದಿಗೂ ಕನ್ಸೋಲಿನ ರಿಮೋಟೇ ಚೆನ್ನ. ಅದನ್ನು ಕಂಪ್ಯೂಟರಿಗೇ ಜೋಡಿಸಿ ಆಡಬಹುದು. ಎರಡರ ನಡುವೆ ಒಂದನ್ನೇ ಆರಿಸಬೇಕೆಂಬ ಕಟ್ಟುಪಾಡಿಲ್ಲ.

ಇಂಟರ್‌ನೆಟ್ ಮನೆ ಮನೆಗೆ ಹರಡತೊಡಗಿದ್ದು 2004ರ ಬ್ರಾಡ್‌ಬ್ಯಾಂಡ್ ನೀತಿಯ ನಂತರ. ಆಗ ಸೆಕೆಂಡಿಗೆ 256 ಕಿಲೊಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್. ಬಿಎಸ್‌ಎನ್‌ಎಲ್‌ನ ಕೆಲವು ಯೋಜನೆಗಳಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಬಳಕೆಗೆ ಲೆಕ್ಕವಿರಲಿಲ್ಲ. ಆ ಹೊತ್ತಿಗೆ ಅಲಾರಂ ಇಟ್ಟು ಡೌನ್‌ಲೋಡ್ ಹಚ್ಚಿದ ತಲೆಮಾರೊಂದು ಇದೆ. ಚೆನ್ನೈಗೆ ಇನ್ನೊಂದು ಅನುಕೂಲ ಸಮುದ್ರ. ಇಲ್ಲಿಂದ ಸಿಂಗಪುರಕ್ಕೆ ಸುಮಾರು 3,200 ಕಿ.ಮೀ. ಉದ್ದದ ಐ2ಐ ಕೇಬಲ್ 2002ರಲ್ಲಿ ಶುರುವಾಯಿತು. ಗಾಜಿನೆಳೆಯಲ್ಲಿ ಬೆಳಕು ಅಷ್ಟು ದೂರ ಹೋಗಿ ಬರಲು ಸುಮಾರು 32 ಮಿಲಿಸೆಕೆಂಡ್ ಸಾಕು. ಸಿಂಗಪುರದ ಸರ್ವರ್‌ಗಳಲ್ಲಿ ಆಡುವಾಗ ಉತ್ತರದ ನಗರಗಳಿಗಿಂತ ಚೆನ್ನೈನವರಿಗೆ ‘ಪಿಂಗ್’, ಅಂದರೆ ಸಂಕೇತ ಹೋಗಿ ಬರುವ ಸಮಯ, ಕಡಿಮೆ ಇರುತ್ತಿತ್ತು. ಆಮೇಲೆ ಕೌಂಟರ್ ಸ್ಟ್ರೈಕ್ ತಯಾರಿಸುವ ವಾಲ್ವ್ ಕಂಪನಿ ಚೆನ್ನೈ ಮತ್ತು ಮುಂಬೈಗಳಲ್ಲೇ ಸರ್ವರ್ ಇಟ್ಟಿತು.

ಸುಂಕ, ತೆರಿಗೆ, ಬೆಲೆ

ಭಾರತ 1997ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. 2005ರ ಹೊತ್ತಿಗೆ ಕಂಪ್ಯೂಟರ್ ಮತ್ತು ಅದರ ಅನೇಕ ಬಿಡಿಭಾಗಗಳ ಮೇಲಿನ ಆಮದು ಸುಂಕ ಸೊನ್ನೆಗಿಳಿಯಿತು. ಗೇಮ್ ಕನ್ಸೋಲ್ ಆ ಪಟ್ಟಿಯಲ್ಲಿರಲಿಲ್ಲ. 2015ರಲ್ಲಿ ಒಪ್ಪಂದವನ್ನು ವಿಸ್ತರಿಸಿ ಕನ್ಸೋಲನ್ನೂ ಸೇರಿಸಿದಾಗ ಭಾರತ ಅದರಿಂದ ಹೊರಗುಳಿಯಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಕನ್ಸೋಲಿಗೆ ಶೇ 28, ಕಂಪ್ಯೂಟರಿಗೆ ಶೇ 18. 2019ರ ಜನವರಿ 1ರಿಂದ ಕನ್ಸೋಲಿನ ದರವೂ ಶೇ 18ಕ್ಕೆ ಇಳಿಯಿತು. ಒಂದು ಪೆಟ್ಟಿಗೆಯನ್ನು ಮೋಜಿನ ವಸ್ತುವೆಂದೂ ಇನ್ನೊಂದನ್ನು ದುಡಿಮೆಯ ಸಾಧನವೆಂದೂ ಸರ್ಕಾರ ಎರಡು ದಶಕ ಬೇರೆಯಾಗಿ ಕಂಡಿತು. ಮನೆಯ ಹಿರಿಯರೂ ಹಾಗೆಯೇ ಕಂಡರು.

ಭಾರತಕ್ಕೆ ಪ್ಲೇಸ್ಟೇಷನ್ 3 2007ರ ಏಪ್ರಿಲ್‌ನಲ್ಲಿ 39,990 ರೂಪಾಯಿಗೆ ಬಂತು. ಪ್ಲೇಸ್ಟೇಷನ್ 4 2014ರ ಜನವರಿಯಲ್ಲಿ ಅದೇ ಬೆಲೆಗೆ. ಪ್ಲೇಸ್ಟೇಷನ್ 5 2021ರ ಫೆಬ್ರುವರಿಯಲ್ಲಿ 49,990ಕ್ಕೆ ಬಂದು ಮರುವರ್ಷದ ಕೊನೆಗೆ 54,990 ಆಯಿತು. ಹೊಸ ಆಟವೊಂದಕ್ಕೆ 4,999 ರೂಪಾಯಿ ಮುಟ್ಟಿತು. ಪ್ಲೇಸ್ಟೇಷನ್ 4ರಿಂದ ಆಚೆಗೆ ಹೆಚ್ಚಿನ ಆಟಗಳನ್ನು ಆನ್‌ಲೈನ್‌ನಲ್ಲಿ ಇತರರೊಂದಿಗೆ ಆಡಲು ಬೇರೆ ಚಂದಾ ಕಟ್ಟಬೇಕು. ಕಂಪ್ಯೂಟರಿನಲ್ಲಿ ಆ ಚಂದಾ ಇಲ್ಲ. 2003ರಲ್ಲಿ ಶುರುವಾದ, ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್ 2015ರ ನವೆಂಬರ್‌ನಲ್ಲಿ ರೂಪಾಯಿಯಲ್ಲೇ ಬೆಲೆ ಹಾಕತೊಡಗಿತು. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್. ವರ್ಷಕ್ಕೆ ಹಲವು ಸಲ ಭಾರಿ ರಿಯಾಯಿತಿ. ನಕಲು ಡಿಸ್ಕ್‌ಗೆ ಒಗ್ಗಿದ್ದ ಊರಿನಲ್ಲಿ ಅಸಲಿ ಆಟ ಕೊಳ್ಳುವ ಅಭ್ಯಾಸ ಬೆಳೆದದ್ದು ಈ ಬೆಲೆಗಳಿಂದ. ಇದನ್ನು ನಾನು ಈ ಇಡೀ ಚರಿತ್ರೆಯ ಅತ್ಯಂತ ಒಳ್ಳೆಯ ಬೆಳವಣಿಗೆ ಎಂದು ನಂಬುತ್ತೇನೆ.

ರಿಚಿ ಸ್ಟ್ರೀಟಿನ ಕೌಂಟರ್

ಬೆಂಗಳೂರಿಗೆ ಎಸ್.ಪಿ. ರಸ್ತೆ ಇದ್ದಂತೆ ಚೆನ್ನೈಗೆ ಅಣ್ಣಾ ಸಾಲೈ ಪಕ್ಕದ ರಿಚಿ ಸ್ಟ್ರೀಟ್. ನುಂಗಂಬಾಕ್ಕಂನಿಂದ ಆಟೊದಲ್ಲಿ ಸ್ವಲ್ಪ ಹೊತ್ತಿನ ದಾರಿ. ಮೂರ್ನಾಲ್ಕು ಅಂಗಡಿಗಳಲ್ಲಿ ಕೊಟೇಶನ್ ಬರೆಸಿಕೊಂಡು, ಪ್ರೊಸೆಸರ್ ಒಂದು ಕಡೆ ಅಗ್ಗವಾದರೆ ಮಾನಿಟರ್ ಇನ್ನೊಂದು ಕಡೆ ಎಂದು ಹೊಂದಿಸಿಕೊಳ್ಳುವುದು ಇಲ್ಲಿನ ರೂಢಿ. ಕೌಂಟರಿನ ಮೇಲೆಯೇ ಮದರ್‌ಬೋರ್ಡ್ ಇಟ್ಟು, ಪ್ರೊಸೆಸರ್ ಕೂರಿಸಿ, ಅದರ ಮೇಲೆ ಬಟಾಣಿ ಕಾಳಿನಷ್ಟು ಥರ್ಮಲ್ ಪೇಸ್ಟ್ ಹಾಕಿ ಫ್ಯಾನ್ ಬಿಗಿಯುತ್ತಾರೆ. ರ‍್ಯಾಮ್ ಎರಡೂ ಕಡೆ ‘ಟಕ್’ ಎನ್ನುವವರೆಗೆ ಒತ್ತುತ್ತಾರೆ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನ ತಂತಿ ಜೋಡಿಸಿ, ಪರದೆಯಲ್ಲಿ ಮೊದಲ ಅಕ್ಷರ ಮೂಡಿದ ಮೇಲಷ್ಟೇ ಎಲ್ಲವನ್ನೂ ಕ್ಯಾಬಿನೆಟ್ಟಿಗೆ ಹಾಕುತ್ತಾರೆ.

ಕನ್ಸೋಲಿಗಿಲ್ಲದ ಗುಣ ಇದು: ಖರ್ಚನ್ನು ಹರಡಬಹುದು. ಈ ವರ್ಷ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಓದಿಗೆ ಸಾಕಾಗುವಷ್ಟು ಯಂತ್ರ. ಮುಂದಿನ ವರ್ಷ ಬೋನಸ್ ಬಂದಾಗ ಕಾರ್ಡ್. ಅದರ ಮುಂದೆ ಹಳೆಯದನ್ನು ಮಾರಿ ಹೊಸದು. ಒಂದು ಭಾಗ ಕೆಟ್ಟರೆ ಆ ಭಾಗ ಮಾತ್ರ ಬದಲು. ಎಕ್ಸ್‌ಬಾಕ್ಸ್ 360 ಯಂತ್ರಗಳು ಕೆಂಪು ದೀಪ ತೋರಿಸಿ ಸಾಯತೊಡಗಿದಾಗ 2007ರಲ್ಲಿ ಮೈಕ್ರೋಸಾಫ್ಟ್ ವಾರಂಟಿಯನ್ನು ಮೂರು ವರ್ಷಕ್ಕೆ ಹೆಚ್ಚಿಸಬೇಕಾಯಿತು. ಇಡೀ ಪೆಟ್ಟಿಗೆಯನ್ನೇ ಕಳಿಸುವುದು ಬಿಟ್ಟು ಬಳಕೆದಾರರಿಗೆ ಬೇರೆ ದಾರಿಯಿರಲಿಲ್ಲ.

ಶಾಖದ ಮಾತು ಇಲ್ಲಿ ಮುಖ್ಯ. ಹವಾಮಾನ ಇಲಾಖೆಯ ಪ್ರಾದೇಶಿಕ ಕೇಂದ್ರ ನುಂಗಂಬಾಕ್ಕಂನಲ್ಲೇ ಇದೆ. ಚೆನ್ನೈನ ಬಿಸಿಲನ್ನು ಪತ್ರಿಕೆಗಳು ಈ ಹೆಸರಿನಲ್ಲೇ ಅಚ್ಚು ಹಾಕುತ್ತವೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಗಾಳಿಯಾಡದ ಮೂಲೆಗೆ ಯಂತ್ರ ಇಡಬಾರದು. ಕಡಲ ತೇವ ಲೋಹದ ಕೊಂಡಿಗಳನ್ನು ತಿನ್ನುತ್ತದೆ. ಫ್ಯಾನಿಗೆ ಅಂಟಿದ ಧೂಳನ್ನು ಆಗಾಗ ತೆಗೆಯಬೇಕು. 2012ರಲ್ಲಿ ಚೆನ್ನೈನಲ್ಲೂ ದಿನಕ್ಕೆ ಎರಡು ಗಂಟೆ ಕರೆಂಟ್ ತೆಗೆಯುತ್ತಿದ್ದಾಗ ಯುಪಿಎಸ್ ಇಲ್ಲದೆ ಮನೆಯಲ್ಲಿ ಕಂಪ್ಯೂಟರ್ ಇಡುವಂತಿರಲಿಲ್ಲ.

ಗಡಿ ಅಳಿಸಿದ ದಶಕ

ವಿದೇಶಗಳಲ್ಲಿ 2013ರಲ್ಲಿ ಬಂದ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಎರಡರಲ್ಲೂ ಇದ್ದದ್ದು ಕಂಪ್ಯೂಟರಿನ ಜಾತಿಯದೇ ಎಎಂಡಿ ಪ್ರೊಸೆಸರ್. ಪ್ಲೇಸ್ಟೇಷನ್ 3ರ ವಿಚಿತ್ರ ‘ಸೆಲ್’ ಚಿಪ್‌ಗಾಗಿ ಬರೆದ ಆಟವನ್ನು ಕಂಪ್ಯೂಟರಿಗೆ ತರುವ ಪಾಡು ಇನ್ನಿಲ್ಲವಾಯಿತು. ಅದುವರೆಗೆ ಪ್ಲೇಸ್ಟೇಷನ್‌ಗಷ್ಟೇ ಮೀಸಲಾಗಿದ್ದ ಆಟಗಳಲ್ಲಿ 2020ರ ಆಗಸ್ಟ್‌ನಲ್ಲಿ ಹೊರೈಜನ್ ಝೀರೋ ಡಾನ್, 2022ರ ಜನವರಿಯಲ್ಲಿ ಗಾಡ್ ಆಫ್ ವಾರ್ ಕಂಪ್ಯೂಟರಿಗೆ ಬಂದವು. ಕನ್ಸೋಲ್ ಕೊಳ್ಳಲು ಇದ್ದ ದೊಡ್ಡ ನೆಪ ಸಡಿಲವಾಯಿತು.

ಅಷ್ಟರಲ್ಲಿ ಕೊರೊನಾ. 2020ರ ಲಾಕ್‌ಡೌನ್‌ನಲ್ಲಿ ಪಾಠಕ್ಕೂ ಆಫೀಸಿಗೂ ಕಂಪ್ಯೂಟರ್ ಬೇಕಾಯಿತು. ಮೇ ತಿಂಗಳಲ್ಲಿ ಎಪಿಕ್ ಎಂಬ ಆನ್‌ಲೈನ್ ಅಂಗಡಿ ಜಿಟಿಎ 5 ಅನ್ನು ಒಂದು ವಾರ ಉಚಿತವಾಗಿ ಕೊಟ್ಟಿತು. ಜೂನ್‌ನಲ್ಲಿ ಉಚಿತ ಆಟ ವ್ಯಾಲೊರೆಂಟ್ ಬಂತು. ಪಾಠಕ್ಕೆ ತಂದ ಯಂತ್ರದಲ್ಲಿ ಸಂಜೆ ಆಟ ಶುರುವಾಯಿತು. ಚೆನ್ನೈನದೇ ಸ್ಕೈಸ್ಪೋರ್ಟ್ಸ್ ಸಂಸ್ಥೆ ಇಂಥ ಆಟಗಳ ಪಂದ್ಯಾವಳಿಗಳನ್ನು ನಡೆಸುತ್ತ ಬೆಳೆಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸ್ ಅನ್ನು ಕ್ರೀಡಾ ಇಲಾಖೆಯ ಅಡಿಗೆ ತಂದಿತು.

ಆಟ ಕಟ್ಟುವವರೂ ನಮ್ಮ ನಡುವೆ ಇದ್ದಾರೆ. ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರ್‌ಆಕ್ಟಿವ್ ಅನ್ನು 2019ರಲ್ಲಿ ಕೊಂಡದ್ದು ಜಿಟಿಎ ತಯಾರಿಸುವ ರಾಕ್‌ಸ್ಟಾರ್. ಕರ್ನಾಟಕ 2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗ್‌ಗೆ ಪ್ರತ್ಯೇಕ ನೀತಿ ತಂದಿತು. 2023ರಲ್ಲಿ ಕೆನಡಾದ ಸಣ್ಣ ತಂಡವೊಂದು ತಮಿಳು ಕುಟುಂಬದ ಅಡುಗೆಮನೆಯನ್ನೇ ಆಟವಾಗಿಸಿ ‘ವೆಣ್ಬಾ’ ತಂದಿತು. ಇಡ್ಲಿ ಬೇಯಿಸುವುದರಿಂದ ಶುರುವಾಗುವ ಆ ಆಟವನ್ನು ಜಗತ್ತು ಮೆಚ್ಚಿತು. ಕನ್ನಡದ ಮನೆಗೂ ಅಂಥದೊಂದು ಆಟ ಬೇಕು. ಯಾರ ಪರವಾನಗಿಯೂ ಇಲ್ಲದೆ ಅದನ್ನು ಕಟ್ಟಲು ಶುರುಮಾಡಬಹುದಾದ ಯಂತ್ರ ಕಂಪ್ಯೂಟರೇ.

ಯಾರು ಬದಲಾಗಬೇಕು?

ಕಂಪ್ಯೂಟರ್ ಎಲ್ಲ ಕಾಲಕ್ಕೂ ಅಗ್ಗವಲ್ಲ. 2020ರಿಂದ 2022ರವರೆಗೆ ಕ್ರಿಪ್ಟೊ ಗಣಿಗಾರಿಕೆ ಮತ್ತು ಚಿಪ್ ಕೊರತೆಯಿಂದ ಗ್ರಾಫಿಕ್ಸ್ ಕಾರ್ಡ್ ಕೈಗೆಟುಕಲಿಲ್ಲ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಏರಿತು. ಅಂಥ ಸಮಯದಲ್ಲಿ ಕನ್ಸೋಲ್ ಕೊಂಡವರದೇ ಜಾಣತನ. ಇಬ್ಬರು ಮಕ್ಕಳು ಹಾಲ್‌ನಲ್ಲಿ ಕೂತು ಒಟ್ಟಿಗೆ ಆಡಬೇಕೆಂದರೆ, ರಿಪೇರಿಯ ಗೊಡವೆಯೇ ಬೇಡವೆಂದರೆ ಇಂದಿಗೂ ಕನ್ಸೋಲೇ ಸರಿ.

ಆದರೆ ಮನೆಗೆ ಹೇಗೂ ಒಂದು ಕಂಪ್ಯೂಟರ್ ಬೇಕು ಎಂದಿದ್ದರೆ ಕನ್ಸೋಲಿಗೆಂದು ತೆಗೆದಿಟ್ಟ ಹಣವನ್ನೂ ಅದರಲ್ಲೇ ಹಾಕುವುದು ಮೇಲು. ಒಳ್ಳೆಯ ಎಸ್‌ಎಂಪಿಎಸ್‌ಗೆ ಜಿಪುಣತನ ಮಾಡಬೇಡಿ. ಗ್ರಾಫಿಕ್ಸ್ ಕಾರ್ಡ್ ಆಮೇಲೆ ಬಂದರೂ ಆದೀತು. ಹಳೆಯ ಕನ್ಸೋಲಿನ ರಿಮೋಟ್ ಎಸೆಯಬೇಡಿ. ವಾರಕ್ಕೊಮ್ಮೆ ಕಂಪ್ಯೂಟರಿನ ತಂತಿಯನ್ನು ಹಾಲ್‌ನ ಟಿವಿಗೆ ಜೋಡಿಸಿ, ಮನೆಯವರನ್ನೂ ಕರೆದು ಜೊತೆಯಲ್ಲಿ ಆಡಿ. ಆಟವನ್ನು ದುಡ್ಡು ಕೊಟ್ಟೇ ಕೊಳ್ಳಿ.